ನೋಡುತ್ತಿದ್ದರೆ ಓಡುವ, ಕಣ್ಣು ತಪ್ಪಿದರೆ ನಿಲ್ಲುವ ಬಾಟ್

ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಕಾಕಾನ ಫೋನ್ ಬಂತು. 'ಏನವಾ, ನಿನ್ನ ಮಷಿನ್ ಮಲಗ್ಯಾದೇನು? ಆರು ಗಾಡಿ ಗೇಟಿನಾಗ ನಿಂತಾವ. ಒಂದಕ್ಕೂ ಬಿಲ್ಲಿಲ್ಲ.'

ದುಡ್ಡು ಬರುವ ಮೊದಲ ಪ್ರೋಗ್ರಾಂ ಬರೆದು ಮುಗಿಸಿದ ಖುಷಿಯಲ್ಲಿ, ಕೋಡ್ಲಾದ ನಮ್ಮ ಮನೆಯಲ್ಲಿ ನಾನು ಗಾಢ ನಿದ್ದೆಯಲ್ಲಿದ್ದೆ. ಎದ್ದು ಲ್ಯಾಪ್‌ಟಾಪ್ ತೆರೆದು ಸರ್ವರ್‌ಗೆ ಲಾಗಿನ್ ಆದರೆ, ಪರದೆಯ ಮೇಲೆ ನನ್ನ ಬಾಟ್ ಏನೂ ಆಗಿಲ್ಲವೆಂಬಂತೆ ತಣ್ಣಗೆ ಕುಳಿತಿತ್ತು. ಮತ್ತೆ ಚಾಲೂ ಮಾಡಿದೆ. ಮುಂದಿನ ಬಿಲ್ಲನ್ನು ನನ್ನ ಕಣ್ಣೆದುರೇ ಚಕಚಕನೆ ಬರೆದುಬಿಟ್ಟಿತು! ಅಷ್ಟರಲ್ಲಿ ಕಚೇರಿಯ ಗುಮಾಸ್ತರು ನಿದ್ದೆಗಣ್ಣಲ್ಲೇ ಸ್ಕೂಟರ್ ಹತ್ತಿ ಬಂದಾಗಿತ್ತು. 'ನೀ ಬಿಡವಾ, ನಾನೇ ಹೊಡೀತೀನಿ' ಎಂದು ಅವರು ಕೀಲಿಮಣೆ ಹಿಡಿದರು. ಕೊನೆಯ ಬಿಲ್ಲು ಮುಗಿಯುವಾಗ ಬೆಳಗಿನ ಐದು ಗಂಟೆ.

ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ನಮ್ಮ ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ನೆಲದಡಿ ಸುಣ್ಣದ ಕಲ್ಲಿನದೇ ರಾಜ್ಯ. ಅದನ್ನು ಸುಟ್ಟು ಅರೆದರೆ ಸಿಮೆಂಟ್; ಹಾಸು ಹಾಸಾಗಿ ಸೀಳಿ ಪಾಲಿಷ್ ಮಾಡಿದರೆ ಶಹಾಬಾದ್ ಕಲ್ಲು. ನಮ್ಮ ಮನೆಯ ನೆಲ, ನಾನು ಓದಿದ ಶಾಲೆಯ ನೆಲ, ಬಸ್ ನಿಲ್ದಾಣದ ಕಟ್ಟೆ ಎಲ್ಲವೂ ಅದೇ. ನನ್ನ ಕಾಕಾ ಆ ಕಲ್ಲನ್ನು ಹೈದರಾಬಾದ್‌ಗೆ ಒಯ್ಯುವ ಲಾರಿಯ ಚಾಲಕ. ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಜನವರಿಯಲ್ಲಿ ಊರಿಗೆ ಬಂದಾಗ ಆತನೇ ಒಂದು ಪಾಲಿಷಿಂಗ್ ಘಟಕದ ಮಾಲೀಕರ ಬಳಿ ನನ್ನನ್ನು ಕರೆದೊಯ್ದ. 'ನಮ್ಮ ಹುಡುಗಿ ಬಿಇ ಓದ್ತಾಳ್ರಿ, ಕಂಪ್ಯೂಟರ್. ನಿಮ್ಮ ಬಿಲ್ಲಿನ ತ್ರಾಸು ತಪ್ಪಿಸ್ತಾಳ' ಎಂದು ನನ್ನನ್ನು ಕೇಳದೆಯೇ ಮಾತು ಕೊಟ್ಟುಬಿಟ್ಟ.

ಬಿಲ್ಲಿನ ತ್ರಾಸು ಏನೆಂದರೆ, ಸಂಜೆಯಿಂದ ಲಾರಿಗಳಿಗೆ ಕಲ್ಲು ತುಂಬುತ್ತಾರೆ. ಯಾವ ಅಳತೆ, ಎಷ್ಟು ಹಾಸು, ಒಟ್ಟು ಎಷ್ಟು ಚದರಡಿ ಎಂಬ ಲೋಡಿಂಗ್ ಚೀಟಿ ಮೊಬೈಲ್‌ನಲ್ಲೇ ಒಂದು ಶೀಟ್‌ಗೆ ಸೇರುತ್ತದೆ. ಅದನ್ನು ನೋಡಿ ಗುಮಾಸ್ತರು ಬಿಲ್ಲಿಂಗ್ ತಂತ್ರಾಂಶದಲ್ಲಿ ಒಂದೊಂದಾಗಿ ಟೈಪ್ ಮಾಡಬೇಕು. 50,000 ರೂಪಾಯಿಗಿಂತ ಹೆಚ್ಚಿನ ಸರಕಿಗೆ ಇ-ವೇ ಬಿಲ್ ಬೇಕು. ಬಿಲ್ ಇಲ್ಲದೆ ಇ-ವೇ ಬಿಲ್ ಇಲ್ಲ, ಅದಿಲ್ಲದೆ ಗಾಡಿ ಗೇಟು ದಾಟುವಂತಿಲ್ಲ. ಈ ವ್ಯವಸ್ಥೆ ದೇಶದಲ್ಲಿ 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಜಾರಿಯಾಯಿತು; ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಅದನ್ನು ತಂದದ್ದು ಕರ್ನಾಟಕ. ತಂತ್ರಾಂಶ ಮಾತ್ರ ಸೇಡಂನಲ್ಲಿ ಇರಲಿಲ್ಲ. ಕಲಬುರಗಿಯ ಲೆಕ್ಕಪತ್ರದವರೂ ನೋಡಬೇಕೆಂದು ಅದನ್ನು ಬಾಡಿಗೆಯ ವಿಂಡೋಸ್ ಸರ್ವರ್ ಮೇಲೆ ಇಟ್ಟಿದ್ದರು. ಎಲ್ಲರೂ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರೊಳಗೆ ಹೋಗಿ ಕೆಲಸ ಮಾಡುತ್ತಿದ್ದರು.

ನಾನು ಎಂಟು ದಿನದಲ್ಲಿ ಪೈಥಾನ್‌ನಲ್ಲಿ ಒಂದು ಬಾಟ್ ಬರೆದೆ. ಅದು ಶೀಟ್ ಓದುತ್ತದೆ, ಪರದೆಯ ಮೇಲೆ 'ಹೊಸ ಬಿಲ್' ಗುಂಡಿಯ ಚಿತ್ರ ಎಲ್ಲಿದೆ ಎಂದು ಹುಡುಕುತ್ತದೆ, ಅಲ್ಲಿ ಮೌಸ್ ಒತ್ತುತ್ತದೆ, ಗುಮಾಸ್ತರಂತೆಯೇ ಟೈಪ್ ಮಾಡುತ್ತದೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಆರ್‌ಪಿಎ ಎಂದು ಹೆಸರು. ಬೆಂಗಳೂರಿನಲ್ಲಿ ಇದನ್ನೇ ಉದ್ಯೋಗ ಮಾಡಿಕೊಂಡವರು ಎಷ್ಟೋ ಜನರಿದ್ದಾರೆ. ಎಂಟು ಸಾವಿರ ರೂಪಾಯಿ ಕೊಡುವುದೆಂದು ಮಾತಾಗಿತ್ತು. ಆ ದುಡ್ಡಿಗೆ ನಾನು ಆಗಲೇ ಹಾಸ್ಟೆಲ್ ಬಾಕಿಯ ಹೆಸರು ಬರೆದಿಟ್ಟಿದ್ದೆ.

ಫೆಬ್ರುವರಿ 4ರಂದು ಬೆಳಿಗ್ಗೆ ಬಾಟ್ ಚಾಲೂ ಮಾಡಿ ದಿನವಿಡೀ ಕಾದು ಕುಳಿತೆ. ಬಂದ ಎರಡು ಚೀಟಿಗೂ ಬಿಲ್ಲು ಸರಿಯಾಗಿ ಆಯಿತು. ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಉಳಿದ ಆರು ಗಾಡಿಗಳ ಕಥೆ ಮೊದಲೇ ಹೇಳಿದೆನಲ್ಲ.

ಮೂರು ಗಂಟೆ ತಡವಾದರೆ ಏನು ಮಹಾ ಎಂದು ನನಗೂ ಅನಿಸಿತ್ತು. ಹೈದರಾಬಾದ್ ನಗರದೊಳಗೆ ಹಗಲು ಹೊತ್ತು ಭಾರೀ ಲಾರಿಗಳಿಗೆ ನಿರ್ಬಂಧವಿದೆ. ಬೆಳಗಾಗುವ ಮೊದಲು ಒಳಹೊಕ್ಕು ಮಾಲು ಇಳಿಸದಿದ್ದರೆ ಮತ್ತೆ ರಾತ್ರಿಯವರೆಗೆ ಊರ ಹೊರಗೆ ರಸ್ತೆ ಬದಿಯಲ್ಲೇ ಕಾಯಬೇಕು. ಕಾಕಾ ಹಾಗೇ ಕಾದ. ವಾಪಸ್ ಬರುವಾಗ ಸಿಗಬೇಕಿದ್ದ ಬಾಡಿಗೆ ಬೇರೆಯವರ ಪಾಲಾಯಿತು. ಮರುದಿನ ಮನೆಗೆ ಬಂದಾಗ ಬೈಯಲಿಲ್ಲ. ಸುಮ್ಮನೆ ಉಂಡು ಮಲಗಿದ. ಬೈದಿದ್ದರೇ ಚೆನ್ನಾಗಿತ್ತು.

ಮಾಲೀಕರು ಒಂದು ವಾರದ ಗಡುವು ಕೊಟ್ಟರು. ಅಲ್ಲಿಯವರೆಗೆ ಬಿಲ್ಲು ಗುಮಾಸ್ತರದೇ.

ಮೊದಲು ಲಾಗ್ ಕಡತ ತೆರೆದೆ. ಬಾಟ್ ಏನೇನು ಮಾಡಿತೆಂದು ತಾನೇ ಬರೆದಿಡುವ ದಿನಚರಿ ಅದು. ಕೊನೆಯ ಸಾಲಿನಲ್ಲಿ 'ಸ್ಕ್ರೀನ್ ಗ್ರ್ಯಾಬ್ ಫೇಲ್ಡ್' ಎಂದಿತ್ತು, ಅಂದರೆ ಪರದೆಯ ಚಿತ್ರ ತೆಗೆಯಲು ಆಗಲಿಲ್ಲ. ಸಮಯ 17:17. ಸಂಜೆ ಐದೂಕಾಲಿಗೆ ಏನಾಗಿತ್ತು? ನೆನಪಾಯಿತು, ಆ ಹೊತ್ತಿಗೆ ನಮ್ಮೂರಲ್ಲಿ ಕರೆಂಟ್ ಹೋಗಿತ್ತು. ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಗಿದ್ದೆ. ಸಿಕ್ಕಿತು ಕಳ್ಳ ಎಂದು ಒಂದೂವರೆ ದಿನ ಇಂಟರ್ನೆಟ್ಟಿನ ಬೆನ್ನು ಹತ್ತಿದೆ. ಬೇಕೆಂದೇ ನೆಟ್ ಕಡಿದು ನೋಡಿದೆ, ಮರುಸಂಪರ್ಕದ ಕೋಡ್ ಬರೆದೆ, ಒಂದು ಬಸ್ ಹತ್ತಿ ಸೇಡಂಗೆ ಹೋಗಿ ಕಚೇರಿಯ ವೈಫೈನಲ್ಲೂ ಪರೀಕ್ಷಿಸಿದೆ. ('ಶಕ್ತಿ' ಯೋಜನೆಯ ಪುಣ್ಯ, ಟಿಕೆಟ್ ಖರ್ಚಿರಲಿಲ್ಲ.)

ಕಚೇರಿಯಲ್ಲಿ ಗುಮಾಸ್ತರು ಚಹಾ ತರಿಸಿಕೊಟ್ಟು, ನಾನು ಏನು ಹುಡುಕುತ್ತಿದ್ದೇನೆಂದು ಕೇಳಿದರು. ಸಂಜೆ 5:17ಕ್ಕೆ ನಿಂತಿದೆ ಸರ್ ಎಂದೆ. ಅವರು ಕನ್ನಡಕ ಮೇಲೇರಿಸಿದರು.

'ಅದ್ಹ್ಯಾಂಗ? ಎರಡನೇ ಬಿಲ್ಲು ಆದಾಗ ರಾತ್ರಿ ಎಂಟು. ನಾನೇ ಇಲ್ಲೇ ಕುಂತು ನೋಡೀನಲ್ಲ. ಐದಕ್ಕ ನಿಂತಿದ್ದು ಎಂಟಕ್ಕ ಹ್ಯಾಂಗ ಬಿಲ್ಲು ಹೊಡೀತದ?'

ನಾನು ಕೊನೆಯ ಸಾಲನ್ನಷ್ಟೇ ನೋಡಿದ್ದೆ. ಮೇಲಿನ ಸಾಲು ನೋಡಿದರೆ ಎಂಟು ಗಂಟೆಯ ಬಿಲ್ಲಿನ ಎದುರು 14:30 ಎಂದಿದೆ. ಬೆಳಿಗ್ಗೆ 9:10ಕ್ಕೆ ಶುರು ಮಾಡಿದ್ದು 03:40. ಎಲ್ಲದರಲ್ಲೂ ಐದೂವರೆ ಗಂಟೆಯ ವ್ಯತ್ಯಾಸ! ಸರ್ವರ್‌ನ ಗಡಿಯಾರ ಭಾರತದ ಸಮಯದಲ್ಲೇ ಇರಲಿಲ್ಲ. ಬಾಡಿಗೆಗೆ ಸಿಗುವ ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲೇ ಬರುತ್ತವೆ. ನಾವು ಅದಕ್ಕಿಂತ 5:30 ಮುಂದೆ. 17:17ಕ್ಕೆ ಐದೂವರೆ ಸೇರಿಸಿದರೆ ರಾತ್ರಿ 10:47. ಆ ರಾತ್ರಿ ಹತ್ತು ಮುಕ್ಕಾಲಿನ ಹೊತ್ತಿಗೇ ನಾನು ಲ್ಯಾಪ್‌ಟಾಪ್ ಮುಚ್ಚಿದ್ದೆ.

ಅಂದರೆ ನಾನು ಪರದೆ ನೋಡುವುದನ್ನು ನಿಲ್ಲಿಸಿದ ಕ್ಷಣವೇ ಬಾಟ್ ನಿಂತಿದೆ.

ಅಲ್ಲೇ ಕುಳಿತು ಸುಳ್ಳು ಚೀಟಿಗಳನ್ನು ಹಾಕಿ ಪರೀಕ್ಷೆ ಮಾಡಿದೆ. ರಿಮೋಟ್ ಕಿಟಕಿ ತೆರೆದಿದ್ದಾಗ ಓಡಿತು. ಕಿಟಕಿಯನ್ನು ಕೆಳಗಿಳಿಸಿದೆ, ಅಂದರೆ ಮಿನಿಮೈಸ್ ಮಾಡಿದೆ. ನಿಂತಿತು. ಮತ್ತೆ ದೊಡ್ಡದು ಮಾಡಿ ಚಾಲೂ ಮಾಡಿದರೆ ಓಡಿತು. ಪೂರ್ತಿ ಮುಚ್ಚಿದರೆ ನಿಂತಿತು. ರಾತ್ರಿ ನಾನು ಎದ್ದು ಲಾಗಿನ್ ಆದಾಗ ಅದು ಸಭ್ಯವಾಗಿ ಬಿಲ್ಲು ಬರೆದದ್ದೂ ಇದೇ ಕಾರಣಕ್ಕೆ. ಪರೀಕ್ಷಿಸಲು ಹೋದರೆ ಮಾಯವಾಗುವ ದೋಷಕ್ಕೆ ಪ್ರೋಗ್ರಾಮರ್‌ಗಳು ಹೈಸನ್‌ಬರ್ಗ್ ಹೆಸರಿನಿಂದ 'ಹೈಸನ್‌ಬಗ್' ಎನ್ನುತ್ತಾರೆ. ತರಗತಿಯಲ್ಲಿ ಕೇಳಿ ನಕ್ಕಿದ್ದೆ.

ಕಾರಣ ತಿಳಿದ ಮೇಲೆ ತೀರಾ ಸರಳ ಅನಿಸಿತು. ರಿಮೋಟ್ ಡೆಸ್ಕ್‌ಟಾಪ್ ಎಂದರೆ ದೂರದ ಯಂತ್ರದ ಪರದೆಗೆ ನಾವು ಇಲ್ಲಿಂದ ಕನ್ನಡಿ ಹಿಡಿದಂತೆ ಎಂದುಕೊಂಡಿದ್ದೆ. ಆದರೆ ಅಲ್ಲಿ ಪರದೆಯೇ ಇರುವುದಿಲ್ಲ. ನಾವು ಸಂಪರ್ಕಿಸಿದಾಗ ವಿಂಡೋಸ್ ನಮಗಾಗಿ ಒಂದು ಸೆಷನ್ ತೆರೆದು, ನಮ್ಮ ಪರದೆಯ ಅಳತೆಗೆ ತಕ್ಕಂತೆ ಚಿತ್ರ ಬಿಡಿಸಿ ಕಳಿಸುತ್ತದೆ. ಜಾತ್ರೆಗೆ ಬರುವ ನಾಟಕ ಕಂಪನಿಯನ್ನು ನೆನೆಸಿಕೊಳ್ಳಿ. ಪ್ರೇಕ್ಷಕ ಎದ್ದುಹೋದರೆ ಮ್ಯಾನೇಜರ್ ದೀಪ ಆರಿಸಿ ಪರದೆ ಎಳೆಯುತ್ತಾನೆ. ಪಾತ್ರಧಾರಿ ವೇದಿಕೆಯ ಮೇಲೇ ಇದ್ದಾನೆ, ಮಾತೂ ನೆನಪಿದೆ, ಆದರೆ ಕತ್ತಲು. ನನ್ನ ಬಾಟ್ ಆ ಕತ್ತಲಲ್ಲಿ 'ಹೊಸ ಬಿಲ್' ಗುಂಡಿಯ ಚಿತ್ರ ಹುಡುಕುತ್ತಿತ್ತು. ಕಡತ ಓದುವ, ಲೆಕ್ಕ ಮಾಡುವ ಪ್ರೋಗ್ರಾಂ ಆಗಿದ್ದರೆ ಸೆಷನ್ ಕಡಿದುಹೋದರೂ ಓಡುತ್ತಲೇ ಇರುತ್ತಿತ್ತು. ಕಣ್ಣಿನಿಂದ ನೋಡಿ ಮೌಸ್ ಒತ್ತುವ ಪ್ರೋಗ್ರಾಂಗೆ ಮಾತ್ರ ಬೆಳಕು ಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಈ ದೋಷ ಒಮ್ಮೆಯೂ ಕಾಣಿಸಿಕೊಳ್ಳದಿರಲು ಅದೇ ಕಾರಣ, ಅಲ್ಲಿ ದೀಪ ಆರಿರಲೇ ಇಲ್ಲ.

ಇಲ್ಲಿ ಮಂಗಳನ ಅಂಗಳದ ಒಂದು ಪ್ರಸಂಗ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1997ರ ಜುಲೈ 4ರಂದು ಮಂಗಳದ ಮೇಲೆ ಇಳಿದ ನಾಸಾದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಕೆಲವೇ ದಿನಗಳಲ್ಲಿ ತಾನಾಗಿಯೇ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಭೂಮಿಯ ಮೇಲಿನ ಎಂಜಿನಿಯರ್‌ಗಳು ಪ್ರಯೋಗಾಲಯದಲ್ಲಿದ್ದ ಅಂಥದೇ ಇನ್ನೊಂದು ವ್ಯವಸ್ಥೆಯಲ್ಲಿ ಅದೇ ದೋಷ ಮತ್ತೆ ಕಾಣಿಸಿಕೊಳ್ಳುವವರೆಗೂ ಪಟ್ಟು ಬಿಡಲಿಲ್ಲ. ಕಡಿಮೆ ಆದ್ಯತೆಯ ಕೆಲಸವೊಂದು ಹೆಚ್ಚು ಆದ್ಯತೆಯ ಕೆಲಸವನ್ನು ಕಾಯಿಸುತ್ತಿದೆ ಎಂದು ಗೊತ್ತಾದ ಮೇಲೆ, ತಿದ್ದುಪಡಿಯನ್ನು ಇಲ್ಲಿಂದಲೇ ಕಳಿಸಿದರು. ಆಪರೇಟಿಂಗ್ ಸಿಸ್ಟಂ ಪಾಠದಲ್ಲಿ 'ಪ್ರಯಾರಿಟಿ ಇನ್ವರ್ಷನ್' ಎಂದು ಎರಡು ಅಂಕಕ್ಕೆ ಬರೆದು ಮರೆತಿದ್ದೆವು. ಅವರು ಮಾಡಿದ್ದೂ ನಾನು ಸುಳ್ಳು ಚೀಟಿ ಹಾಕಿ ಮಾಡಿದ್ದೂ ಒಂದೇ ಜಾತಿಯ ಕೆಲಸ ಎಂದು ಹೇಳಿಕೊಂಡರೆ ದುರಹಂಕಾರ ಆದೀತು, ಆದರೂ ಹೇಳಿಕೊಂಡೆ.

ಪರಿಹಾರ ಹುಡುಕುವುದು ಇನ್ನೊಂದು ಸಾಹಸ. ಮಿನಿಮೈಸ್ ಮಾಡಿದಾಗ ಚಿತ್ರ ನಿಲ್ಲದಂತೆ ನಮ್ಮ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ ಒಂದು ಬೆಲೆಯನ್ನು 2 ಎಂದು ಬದಲಿಸಬಹುದು. ಅದು ಕಿಟಕಿ ಕೆಳಗಿಳಿಸಿದಾಗ ಮಾತ್ರ ಉಪಯೋಗ, ಮುಚ್ಚಿದರೆ ಇಲ್ಲ. ನನ್ನ ಲ್ಯಾಪ್‌ಟಾಪ್ ರಾತ್ರಿಯಿಡೀ ತೆರೆದಿಡಲು ನಮ್ಮೂರ ಕರೆಂಟ್ ಒಪ್ಪಬೇಕಲ್ಲ? ಟಾಸ್ಕ್ ಶೆಡ್ಯೂಲರ್‌ನಲ್ಲಿ 'ಬಳಕೆದಾರ ಲಾಗಿನ್ ಆಗಿರಲಿ, ಬಿಡಲಿ ಓಡಿಸು' ಎಂಬ ಆಯ್ಕೆ ಕಂಡು ಕುಣಿದಾಡಿದೆ. ಬಾಟ್ ಓಡಿತು, ಬಿಲ್ಲು ಆಗಲಿಲ್ಲ. ವಿಂಡೋಸ್ ವಿಸ್ಟಾ ಕಾಲದಿಂದ ಸೇವೆಗಳೂ ಇಂಥ ಕೆಲಸಗಳೂ ಓಡುವ ಜಾಗವೇ ಬೇರೆ. ಅಲ್ಲಿ ಬಳಕೆದಾರರ ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಇರುವುದೇ ಇಲ್ಲ.

ಕೊನೆಗೆ ಸಿಕ್ಕಿದ್ದು ಟಿಎಸ್‌ಕಾನ್ ಎಂಬ ಆದೇಶ. ನಾವು ಹೊರಡುವ ಮುನ್ನ ನಮ್ಮ ಸೆಷನ್ನನ್ನು ಸರ್ವರ್‌ನ ಸ್ವಂತ ಕನ್ಸೋಲ್‌ಗೆ ಒಪ್ಪಿಸುತ್ತದೆ. ಪ್ರೇಕ್ಷಕ ಹೋದರೂ ದೀಪ ಉರಿಯುತ್ತದೆ. ಮಾಡಿದೆ. ಈ ಬಾರಿ ಪರದೆ ಇತ್ತು, ಆದರೆ ಅದರ ಅಳತೆ ಚಿಕ್ಕದಾಗಿಬಿಟ್ಟಿತ್ತು! ನನ್ನ ಲ್ಯಾಪ್‌ಟಾಪಿನ ಅಳತೆಯಲ್ಲಿ ಹಿಡಿದ ಗುಂಡಿಯ ಚಿತ್ರ ಈ ಪರದೆಗೆ ಹೊಂದಲಿಲ್ಲ. ಅಳತೆ ಸರಿಪಡಿಸಿದರೆ, ಕಲಬುರಗಿಯಿಂದ ಯಾರೋ ಅದೇ ಹೆಸರು, ಅದೇ ಪಾಸ್‌ವರ್ಡ್ ಹಾಕಿ ಒಳಗೆ ಬಂದು ಸೆಷನ್ ಕಸಿದುಕೊಂಡರು. ಅವರ ಪರದೆಯ ಅಳತೆ ಮತ್ತೊಂದು.

ಎಲ್ಲರೂ ಒಂದೇ ಅಡ್ಮಿನಿಸ್ಟ್ರೇಟರ್ ಖಾತೆ ಬಳಸುತ್ತಿದ್ದರು ಎಂಬುದು ಆಗ ತಲೆಗೆ ಹೋಯಿತು. ಅದರ ಪಾಸ್‌ವರ್ಡ್ ನನಗೂ ವಾಟ್ಸ್ಆ್ಯಪ್‌ನಲ್ಲೇ ಬಂದಿತ್ತು. ಟಿಎಸ್‌ಕಾನ್ ಮಾಡಿದ ಸೆಷನ್ ಲಾಕ್ ಆಗದೆ ತೆರೆದೇ ಇರುತ್ತದೆ, ಅದೊಂದು ಅಪಾಯ. ಇನ್ನೊಂದು, ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟ್ ಇಡೀ ಜಗತ್ತಿಗೆ ಬಾಗಿಲು ತೆಗೆದು ನಿಂತಿತ್ತು. ಈವೆಂಟ್ ವ್ಯೂವರ್ ತೆರೆದರೆ 4625 ಸಂಖ್ಯೆಯ ದಾಖಲೆಗಳು, ಅಂದರೆ ವಿಫಲ ಲಾಗಿನ್ ಯತ್ನಗಳು, ಸಾಲುಗಟ್ಟಿದ್ದವು. ಯಾರೋ ಎಲ್ಲಿಂದಲೋ ಹಗಲು ರಾತ್ರಿ ಪಾಸ್‌ವರ್ಡ್ ಊಹಿಸುತ್ತಲೇ ಇದ್ದಾರೆ. ಬಾಟ್‌ನ ದೋಷ ಹುಡುಕಲು ಹೋಗಿ ಇದು ಕಂಡಿತು. ನನಗೆ ಬಿಲ್ಲಿಗಿಂತ ಇದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಮಾಲೀಕರಿಗೆ ತೋರಿಸಿದೆ. ಎರಡು ದಿನದಲ್ಲಿ ಎಲ್ಲರಿಗೂ ಬೇರೆ ಬೇರೆ ಖಾತೆ ಆದವು, ಕಚೇರಿಗಳ ವಿಳಾಸದಿಂದ ಮಾತ್ರ ಒಳಬರುವಂತೆ ಸರ್ವರ್ ಕೊಟ್ಟವರಿಂದ ಮಾಡಿಸಿದರು. ಇಷ್ಟಾದರೂ ಬಿಲ್ಲಿನ ಸಮಸ್ಯೆ ಹಾಗೇ ಇತ್ತು, ಗಡುವಿಗೆ ಎರಡೇ ದಿನ.

ಆ ಸಂಜೆ ಗುಮಾಸ್ತರ ಪಕ್ಕ ಕುರ್ಚಿ ಹಾಕಿಕೊಂಡು ಅವರು ಬಿಲ್ಲು ಹೊಡೆಯುವುದನ್ನು ಮೊದಲ ಸಲ ಪೂರ್ತಿ ನೋಡಿದೆ. ಬಾಟ್ ಬರೆಯುವ ಮೊದಲೇ ಮಾಡಬೇಕಿದ್ದ ಕೆಲಸ ಅದು. ನಿಜ ಹೇಳಬೇಕೆಂದರೆ ಅವರ ಎದುರು ಕೂರಲು ನನಗೆ ಮುಜುಗರವಿತ್ತು. ನನ್ನ ಬಾಟ್ ಗೆದ್ದಿದ್ದರೆ ಅವರ ರಾತ್ರಿ ಪಾಳಿ ಹೋಗುತ್ತಿತ್ತು, ಅದರೊಂದಿಗೆ ಆ ಪಾಳಿಯ ಹೆಚ್ಚುವರಿ ಸಂಬಳವೂ. ಅವರಿಗೆ ಅದು ಗೊತ್ತಿತ್ತು. ಆದರೂ ಎರಡು ಗಂಟೆ ರಾತ್ರಿಯಲ್ಲಿ ಸ್ಕೂಟರ್ ಹತ್ತಿ ಬಂದಿದ್ದರು.

'ಗುಂಡಿ ಯಾಕ ಹುಡುಕ್ಸಾಕತ್ತೀದಿ ಅದಕ್ಕ?' ಎಂದರು ಟೈಪ್ ಮಾಡುತ್ತಲೇ. 'ಇದರಾಗ ಇಂಪೋರ್ಟ್ ಅಂತ ಒಂದು ಮೆನು ಅದ ನೋಡು. ಹಳೇ ಕಂಪ್ಯೂಟರಿಂದ ಪಾರ್ಟಿಗಳ ಹೆಸರು ತರುವಾಗ ಒಮ್ಮೆ ಬಳಸಿದ್ವಿ. ಫೈಲ್ ಕೊಟ್ರ ಒಂದೇ ಸಲ ತಗೋತದ.'

ಎಂಟು ದಿನ ಕುಳಿತು ಬರೆದ ನಾನೂರು ಸಾಲಿನ ಕೋಡ್ ಆ ಒಂದು ಮಾತಿಗೆ ಬಿತ್ತು.

ರಾತ್ರಿಯೇ ಹೊಸದಾಗಿ ಬರೆದೆ. ಈಗ ಪ್ರೋಗ್ರಾಂ ಚೀಟಿಗಳ ಶೀಟ್ ಓದಿ, ಲೆಕ್ಕ ಹಾಕಿ, ತಪ್ಪು ಕಂಡರೆ ಕೆಂಪು ಗುರುತು ಮಾಡಿ, ಒಂದು ಕಡತ ತಯಾರಿಸುತ್ತದೆ ಅಷ್ಟೇ. ಪರದೆ ನೋಡುವುದಿಲ್ಲ, ಮೌಸ್ ಮುಟ್ಟುವುದಿಲ್ಲ. ಸೆಷನ್ ಇದ್ದರೂ ಇಲ್ಲದಿದ್ದರೂ ಅದಕ್ಕೆ ಒಂದೇ. ಕಡತವನ್ನು ಗುಮಾಸ್ತರು ಇಂಪೋರ್ಟ್ ಮಾಡುತ್ತಾರೆ, ಒಮ್ಮೆ ಕಣ್ಣಾಡಿಸುತ್ತಾರೆ, ಇ-ವೇ ಬಿಲ್ ತೆಗೆಯುತ್ತಾರೆ. ಮೂರು ಗಂಟೆಯ ಕೆಲಸ ಅರ್ಧ ಗಂಟೆಗೆ ಇಳಿಯಿತು.

ಕಣ್ಣಾಡಿಸುವುದು ಎಂದೆನಲ್ಲ, ಅದು ಮೊದಲ ದಿನವೇ ನನ್ನ ಮಾನ ಉಳಿಸಿತು. ಫೆಬ್ರುವರಿ 11ರಂದು ಮೊದಲ ಕಡತ ಇಂಪೋರ್ಟ್ ಆಯಿತು. ಗುಮಾಸ್ತರು ಪರದೆಯನ್ನೇ ನೋಡುತ್ತ, 'ಅವ್ವಾ, ನವೆಂಬರ್ ತಿಂಗಳ ಬಿಲ್ಲು ಈಗಲೇ ಹೊಡದೀಯೇನು?' ಎಂದರು. ಸರ್ವರ್‌ನ ಗಡಿಯಾರದಂತೆ ಅದರ ದಿನಾಂಕದ ಪದ್ಧತಿಯೂ ನಮ್ಮದಲ್ಲ, ಅಮೆರಿಕದ್ದು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 11/02 ಅನ್ನು ಅದು ನವೆಂಬರ್ 2 ಎಂದು ಓದಿತ್ತು. ಅವರು ನೋಡದೇ ಹೋಗಿದ್ದರೆ? 12ರಂದು ಡಿಸೆಂಬರ್ ಬಿಲ್ಲು ಹೊಡೆಯುತ್ತಿತ್ತು, ಯಾವ ದೋಷವನ್ನೂ ತೋರಿಸದೆ. 13ನೇ ತಾರೀಖಿಗೆ ಮಾತ್ರ ಮುಗ್ಗರಿಸುತ್ತಿತ್ತು, ಹದಿಮೂರನೇ ತಿಂಗಳು ಇಲ್ಲವಲ್ಲ. ಇದನ್ನು ವಿವರಿಸಿದಾಗ ಅವರು ಬಿದ್ದು ಬಿದ್ದು ನಕ್ಕರು. ಈಗ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಎಂಬ ಕ್ರಮದಲ್ಲೇ ಬರೆಯುತ್ತೇನೆ. ಆ ಕ್ರಮಕ್ಕೆ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ, ಯಾವ ದೇಶದ ಸರ್ವರ್ ಆದರೂ ತಪ್ಪು ಓದುವುದಿಲ್ಲ.

ನನ್ನ ಗೆಳತಿಯರಿಗೆ ಇದನ್ನೆಲ್ಲ ಹೇಳಿದಾಗ ಒಬ್ಬಳು, 'ಅಷ್ಟಕ್ಕೂ ಗುಮಾಸ್ತರು ಇರಲೇಬೇಕಾಯಿತು, ಹಾಗಾದರೆ ಆಟೊಮೇಷನ್ ಎಲ್ಲಿ ಬಂತು?' ಎಂದಳು. ನನಗೆ 2024ರ ಜುಲೈ 19 ನೆನಪಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್ ತಾನಾಗಿಯೇ ಹೋಗಿ ಕೂತು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದವು. ಅವುಗಳಲ್ಲಿ ಎಷ್ಟನ್ನೋ ದೂರದಿಂದ ಸರಿಪಡಿಸಲು ಆಗಲೇ ಇಲ್ಲ, ಯಾರಾದರೂ ಯಂತ್ರದ ಎದುರು ಹೋಗಿ ಕೂರಬೇಕಾಯಿತು. ಆ ದಿನ ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ವಿಮಾನ ಹಾರಿತು.

ಎಂಟು ಸಾವಿರದಲ್ಲಿ ಒಂದೂವರೆ ಸಾವಿರವನ್ನು ಕಾಕಾನ ಕೈಗೆ ಇಟ್ಟೆ, ಆ ದಿನದ ವಾಪಸ್ ಬಾಡಿಗೆ ಲೆಕ್ಕಕ್ಕೆ. ಆತ ತೆಗೆದುಕೊಳ್ಳಲಿಲ್ಲ. ಅವ್ವ ತೆಗೆದಿಟ್ಟುಕೊಂಡಳು. ಗುಮಾಸ್ತರ ರಾತ್ರಿ ಪಾಳಿಯ ಸಂಬಳ ಉಳಿಯಿತೇ ಎಂದು ಕೇಳಲು ನನಗೆ ಧೈರ್ಯ ಬಂದದ್ದು ಒಂದು ತಿಂಗಳ ಬಳಿಕ. ಉಳಿದಿದೆಯಂತೆ, ಸದ್ಯಕ್ಕೆ.

ನಾನೀಗ ಮತ್ತೆ ಕಲಬುರಗಿಯ ಹಾಸ್ಟೆಲ್‌ನಲ್ಲಿದ್ದೇನೆ. ಪ್ರತಿ ತಿಂಗಳು ಒಂದು ದಿನ ಬೆಳಿಗ್ಗೆಯೇ ಮೊಬೈಲ್ ಟಣ್ ಎನ್ನುತ್ತದೆ. ಗುಮಾಸ್ತರ ಸಂದೇಶ: 'ಅವ್ವಾ, ಇವತ್ತ ತಾರೀಖು 13. ಸುಮ್ನೆ ಹೇಳ್ದೆ.'